ದಸರಾ ರಜೆಯ ನಂತರದ ವಾರಗಳಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಯಾವ ಚಟುವಟಿಕೆಗಳು ಸೂಕ್ತ?

ಪ್ರಶ್ನೆ | ಪೋಷಕಿ, ಬೆಂಗಳೂರು ದಕ್ಷಿಣ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಕನ್ನಡ ಮಾಧ್ಯಮದ ಅನುದಾನಿತ ಶಾಲೆಯೊಂದರಲ್ಲಿ ಮೂರನೇ ತರಗತಿಯಲ್ಲಿ ಓದುತ್ತಿದ್ದಾಳೆ. ದಸರಾ ರಜೆ ಮುಗಿದು ಎರಡನೇ ಅವಧಿ ಆರಂಭವಾದ ಕೂಡಲೇ ದೀಪಾವಳಿ, ಕನ್ನಡ ರಾಜ್ಯೋತ್ಸವ, ಕನಕ ಜಯಂತಿ, ಮಕ್ಕಳ ದಿನಾಚರಣೆ ಒಂದರ ಹಿಂದೆ ಒಂದು ಬರುತ್ತವೆ. ಪ್ರತಿಭಾ ಕಾರಂಜಿಯ ತಯಾರಿ ಮತ್ತು ಶಾಲಾ ಪ್ರವಾಸ ಕೂಡ ಹೆಚ್ಚಾಗಿ ಇದೇ ಹೊತ್ತಿಗೆ ಬಂದು ಸೇರುತ್ತವೆ. ಪ್ರತಿಯೊಂದಕ್ಕೂ ಒಂದು ಭಾಷಣ, ಒಂದು ವೇಷ, ಒಂದು ಚಾರ್ಟ್ ಬೇಕೆಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸೂಚನೆ ಬರುತ್ತದೆ. ಚಾರ್ಟನ್ನು ರಾತ್ರಿ ಕುಳಿತು ಬರೆಯುವವರು ತಾಯಂದಿರು, ವೇಷವನ್ನು ಬಾಡಿಗೆಗೆ ತರುವವರು ತಂದೆಯಂದಿರು. ಮಗು ಅದನ್ನು ಹೊತ್ತುಕೊಂಡು ಹೋಗಿ ವೇದಿಕೆಯ ಮೇಲೆ ನಿಂತು ಬರುತ್ತದೆ, ಅಷ್ಟೆ. ಬಾಡಿಗೆ ಕೊಡಲಾಗದ ಮನೆಯ ಮಕ್ಕಳು ಆ ದಿನ ಶಾಲೆಗೇ ಬರುವುದಿಲ್ಲ ಎಂಬುದು ನನ್ನನ್ನು ಬಹಳವಾಗಿ ಕಾಡುವ ಸಂಗತಿ.

ಈ ಬಾರಿ ಮುಖ್ಯೋಪಾಧ್ಯಾಯಿನಿಯವರು ಕೆಲವು ಪೋಷಕರನ್ನು ಕರೆದು, ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳ ಕಾರ್ಯಕ್ರಮಗಳನ್ನು ಹೇಗೆ ನಡೆಸಬಹುದೆಂದು ಸಲಹೆ ಕೇಳಿದ್ದಾರೆ. ಮಕ್ಕಳು ಸ್ವತಃ ಕೈಯಾರೆ ಮಾಡಬಹುದಾದ, ಖರ್ಚಿಲ್ಲದ, ಈ ಋತುವಿಗೆ ಹೊಂದುವ ಚಟುವಟಿಕೆಗಳು ಯಾವುವು? ಇವುಗಳಿಂದ ಪಾಠಕ್ಕೆ ಅಡ್ಡಿಯಾಗುತ್ತದೆ ಎಂಬ ಕೆಲವು ಪೋಷಕರ ಆತಂಕಕ್ಕೆ ಏನು ಹೇಳಬೇಕು? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1 | ಸರ್ಕಾರಿ ಪ್ರಾಥಮಿಕ ಶಾಲಾ ಶಿಕ್ಷಕಿ

ಮೇಡಂ, ಪಾಠಕ್ಕೆ ಅಡ್ಡಿಯಾಗುವುದು ಚಟುವಟಿಕೆಯಿಂದಲ್ಲ, ಕಾರ್ಯಕ್ರಮದ ತಾಲೀಮಿನಿಂದ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲೂಕಿನಲ್ಲಿ ಆರಂಭವಾದದ್ದೇ, ಚಿಕ್ಕ ಮಕ್ಕಳು ಮಾಡುತ್ತ ಕಲಿಯುತ್ತಾರೆ ಎಂಬ ನಂಬಿಕೆಯ ಮೇಲೆ. ಆದ್ದರಿಂದ ಋತುವನ್ನೇ ಪಾಠವನ್ನಾಗಿ ಮಾಡಿಕೊಳ್ಳಿ ಎಂಬುದು ನನ್ನ ಸಲಹೆ.

ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ತಿಂಗಳುಗಳಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಸೇರಿವೆ, ಹಿಂಗಾರು ಆರಂಭವಾಗುವುದೂ ಅಕ್ಟೋಬರಿನಲ್ಲಿಯೇ. ನಾವು ನಮ್ಮ ಶಾಲೆಯಲ್ಲಿ ನೇರ ಬದಿಗಳಿರುವ ದೊಡ್ಡ ನೀರಿನ ಬಾಟಲಿಯ ಮೇಲ್ಭಾಗವನ್ನು ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ ಮಳೆಮಾಪಕ ಮಾಡಿಸುತ್ತೇವೆ. ಕತ್ತರಿಸುವ ಕೆಲಸ ಮಾತ್ರ ಶಿಕ್ಷಕರದು. ಬಾಟಲಿಯ ತಳ ಸಮತಟ್ಟಾಗಿರುವುದಿಲ್ಲವಾದ್ದರಿಂದ ಕೆಳಗೆ ಸ್ವಲ್ಪ ಜಲ್ಲಿಕಲ್ಲು ಹಾಕಿ, ಅದು ಮುಳುಗುವಷ್ಟು ನೀರು ಹೊಯ್ದು, ಆ ಮಟ್ಟವನ್ನೇ ಸೊನ್ನೆ ಎಂದು ಗುರುತು ಮಾಡಿ, ಅಲ್ಲಿಂದ ಮೇಲಕ್ಕೆ ಅಳತೆಪಟ್ಟಿ ಅಂಟಿಸಬೇಕು. ಮರದ ಅಥವಾ ಸೂರಿನ ಕೆಳಗೆ ಇಡದೆ ಬಯಲಿನಲ್ಲಿ ಇಡಬೇಕು. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಹಿಂದಿನ 24 ಗಂಟೆಗಳ ಮಳೆಯನ್ನು ಅಳೆಯುತ್ತಾರೆ. ಮಕ್ಕಳು ಪ್ರಾರ್ಥನೆಗೆ ಮುಂಚೆ ಅಳೆದು ಗೋಡೆಯ ಪಟ್ಟಿಯಲ್ಲಿ ಬರೆದರೆ ಸಾಕು. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು ಎಂಬುದನ್ನು ದೊಡ್ಡ ತರಗತಿಯ ಮಕ್ಕಳಿಗೆ ಅಂಗಳದಲ್ಲಿ ಚೌಕ ಎಳೆದು ತೋರಿಸಬಹುದು. ಅಳತೆ, ಕೂಡುವುದು, ಕಳೆಯುವುದು, ಸ್ತಂಭಾಲೇಖ, ಎಲ್ಲವೂ ಇದರಲ್ಲಿಯೇ ಬಂದುಬಿಡುತ್ತವೆ.

ಇದರ ಜೊತೆಗೆ ಮನೆಯಲ್ಲಿರುವ ಅಜ್ಜ ಅಜ್ಜಿಯರನ್ನು ಕೇಳಿ ಬರಲು ಹೇಳಿ. ಸೆಪ್ಟೆಂಬರ್ ಕೊನೆಯ ವಾರದಿಂದ ಹಸ್ತ, ಅಕ್ಟೋಬರ್ ಎರಡನೇ ವಾರದಿಂದ ಚಿತ್ತೆ, ಅದಾದ ಮೇಲೆ ಸ್ವಾತಿ, ವಿಶಾಖ ಎಂದು ಮಳೆ ನಕ್ಷತ್ರಗಳ ಲೆಕ್ಕ ಅವರಿಗೆ ಬಾಯಲ್ಲೇ ಇರುತ್ತದೆ. ‘ಕುರುಡು ಚಿತ್ತೆ ಎರಚಿದತ್ತ ಬೆಳೆ’ ಎಂಬ ಗಾದೆಯನ್ನು ಒಬ್ಬ ಹುಡುಗ ತನ್ನ ಅಜ್ಜಿಯಿಂದ ಕೇಳಿಕೊಂಡು ಬಂದಾಗ, ಜಯನಗರದಲ್ಲಿ ಮಳೆ ಸುರಿದು ಯಶವಂತಪುರದಲ್ಲಿ ಬಿಸಿಲಿರುವುದೇಕೆ ಎಂಬ ಮಾತುಕತೆ ತರಗತಿಯಲ್ಲಿ ತಾನಾಗಿಯೇ ಆರಂಭವಾಯಿತು. ಬಾಯಿಪಾಠದ ಭಾಷಣದಿಂದ ಅಂತಹ ಮಾತುಕತೆ ಹುಟ್ಟುವುದನ್ನು ನಾನು ನೋಡಿಲ್ಲ.

ನಿಮ್ಮ ಶಾಲೆಯ ಸುತ್ತಮುತ್ತ ಆಕಾಶಮಲ್ಲಿಗೆಯ ಮರವಿದ್ದರೆ ಅದೊಂದು ಭಾಗ್ಯ. ಅಕ್ಟೋಬರಿನಿಂದ ಅದು ಹೂ ಬಿಡುತ್ತದೆ. ರಾತ್ರಿ ಅರಳಿದ ಹೂಗಳು ಬೆಳಿಗ್ಗೆ ಮಕ್ಕಳು ಬರುವ ಹೊತ್ತಿಗೆ ನೆಲದ ತುಂಬ ಬಿದ್ದಿರುತ್ತವೆ. ಬೆರಳುದ್ದದ ಬಿಳಿಯ ಕೊಳವೆ, ತುದಿಯಲ್ಲಿ ಹರಡಿದ ಎಸಳುಗಳು. ಆ ಕೊಳವೆಗಳನ್ನು ಒಂದರೊಳಗೊಂದು ಹೆಣೆದರೆ ದಾರವಿಲ್ಲದೆಯೇ ಮಾಲೆಯಾಗುತ್ತದೆ. ಹೆಣೆಯುವುದನ್ನು ಕಲಿತ ಮೇಲೆ, ಇಷ್ಟು ಉದ್ದದ ಕೊಳವೆಯ ತಳದಲ್ಲಿರುವ ಮಕರಂದವನ್ನು ಕುಡಿಯುವವರು ಯಾರು ಎಂದು ಕೇಳಿ. ರಾತ್ರಿ ಹಾರುವ, ಉದ್ದ ನಾಲಗೆಯ ಪತಂಗಗಳ ವಿಷಯಕ್ಕೆ ಮಕ್ಕಳೇ ನಿಮ್ಮನ್ನು ಕರೆದೊಯ್ಯುತ್ತಾರೆ.

ರಾಜ್ಯೋತ್ಸವಕ್ಕೆ ಭಾಷಣದ ಬದಲು ನಕ್ಷೆ ಬಿಡಿಸಿ. 1956ರ ನವೆಂಬರ್ 1ರಂದು ಹಳೆಯ ಮೈಸೂರಿನ ಜೊತೆಗೆ ಮುಂಬೈ, ಹೈದರಾಬಾದ್ ಮತ್ತು ಮದ್ರಾಸ್ ಪ್ರಾಂತ್ಯಗಳಲ್ಲಿದ್ದ ಕನ್ನಡ ಪ್ರದೇಶಗಳು ಹಾಗೂ ಕೊಡಗು ಸೇರಿ ಒಂದು ರಾಜ್ಯವಾಯಿತು. ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ನೆಲದ ಮೇಲೆ ರಂಗೋಲಿಯಲ್ಲಿ ದೊಡ್ಡ ನಕ್ಷೆ ಬರೆದು, ಪ್ರತಿ ಮಗುವೂ ತನ್ನ ಮನೆಯವರ ಊರು ಇರುವ ಜಿಲ್ಲೆಯಲ್ಲಿ ಹೋಗಿ ನಿಲ್ಲಲಿ. ನಮ್ಮಲ್ಲಿ ಕಟ್ಟಡ ಕೆಲಸಕ್ಕೆಂದು ಬಂದ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಕುಟುಂಬಗಳ ಮಕ್ಕಳು ಬಹಳ ಮಂದಿ ಇದ್ದಾರೆ. ವರ್ಷವಿಡೀ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರುತ್ತಿದ್ದ ಆ ಮಕ್ಕಳು ನಕ್ಷೆಯ ಮೇಲೆ ನಿಂತು ತಮ್ಮ ಊರಿನ ಜೋಳದ ರೊಟ್ಟಿಯ ಬಗ್ಗೆ, ಜಾತ್ರೆಯ ಬಗ್ಗೆ ತಮ್ಮದೇ ಮಾತಿನಲ್ಲಿ ಹೇಳಲಾರಂಭಿಸುತ್ತಾರೆ. ಬೇರೆ ರಾಜ್ಯದಿಂದ ಬಂದ ಮಕ್ಕಳಿಗೆ ಗಡಿಯಾಚೆಗೂ ಜಾಗ ಬಿಟ್ಟಿರಿ.

ಉತ್ತರ 2 | ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ, ಬಸವನಗುಡಿ

ಪ್ರವಾಸದ ಬಗ್ಗೆ ಮಾತ್ರ ಬರೆಯುತ್ತೇನೆ. ಒಂದರಿಂದ ನಾಲ್ಕನೇ ತರಗತಿಯ ಮಕ್ಕಳನ್ನು ಊರ ಹೊರಗಿನ ಮನರಂಜನಾ ಉದ್ಯಾನಗಳಿಗೆ ಕರೆದೊಯ್ಯುವ ಅಗತ್ಯ ನನಗೆ ಕಾಣುವುದಿಲ್ಲ, ಅದಕ್ಕೆ ತಗಲುವ ಹಣವನ್ನು ಎಲ್ಲರೂ ಕೊಡಲಾರರು. ನಿಮ್ಮ ಭಾಗದಿಂದ ಲಾಲ್‌ಬಾಗ್ ಸಮೀಪದಲ್ಲಿಯೇ ಇದೆ. ಅಲ್ಲಿನ ಬಂಡೆ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲ್ಪಟ್ಟಿದೆ. ಮಕ್ಕಳು ಅದರ ಮೇಲೆ ಹತ್ತಿ ಕೆಂಪೇಗೌಡರ ಗೋಪುರದವರೆಗೆ ಹೋಗಬಹುದು, ಬಂಡೆಯಲ್ಲಿನ ಕಪ್ಪು ಬಿಳಿ ಪಟ್ಟೆಗಳನ್ನು ಕೈಯಿಂದ ಮುಟ್ಟಿ ನೋಡಬಹುದು. ಮಳೆ ಬಂದ ಮರುದಿನ ಬಂಡೆ ಜಾರುತ್ತದೆ, ಅದನ್ನು ನೋಡಿಕೊಂಡು ದಿನ ಗೊತ್ತುಮಾಡಿ.

ಕಡಲೆಕಾಯಿ ಪರಿಷೆ ಬಸವನಗುಡಿಯ ದೊಡ್ಡ ಬಸವಣ್ಣನ ದೇವಸ್ಥಾನದ ಬಳಿ ಕಾರ್ತಿಕ ಮಾಸದ ಕೊನೆಯ ಸೋಮವಾರ ನಡೆಯುತ್ತದೆ. ಆ ದಿನದ ಜನಸಂದಣಿಯಲ್ಲಿ ಚಿಕ್ಕ ಮಕ್ಕಳ ಸಾಲನ್ನು ನಡೆಸುವುದು ಕ್ಷೇಮವಲ್ಲ. ಅಂಗಡಿಗಳು ಮುಂಚೆಯೇ ಬೀಡು ಬಿಡುವುದರಿಂದ ಅದಕ್ಕೂ ಹಿಂದಿನ ದಿನಗಳ ಬೆಳಗಿನ ಹೊತ್ತು ಹೋಗಿ, ಕಾಯಿ ಮಾರುವ ರೈತರ ಜೊತೆ ಮಕ್ಕಳು ಮಾತನಾಡಲಿ. ಗಿಡಸಮೇತ ಕಿತ್ತ ಕಡಲೆಕಾಯಿ ಸಿಕ್ಕರೆ ಒಂದೆರಡು ಗಿಡ ಶಾಲೆಗೆ ತನ್ನಿ. ಹೂವು ನೆಲದ ಮೇಲೆ ಬಿಟ್ಟು, ಅದರ ಬುಡದಿಂದ ಬೆಳೆದ ಕಡ್ಡಿ ಮಣ್ಣಿನೊಳಗೆ ಇಳಿದು, ಅಲ್ಲಿ ಕಾಯಿ ಕಟ್ಟುತ್ತದೆ. ಕಡಲೆಕಾಯಿ ಬೇರಿನಲ್ಲಿ ಬಿಡುತ್ತದೆಂದು ತಿಳಿದಿರುವ ದೊಡ್ಡವರೂ ಅನೇಕರಿದ್ದಾರೆ.

ಉತ್ತರ 3 | ನಿವೃತ್ತ ಮುಖ್ಯೋಪಾಧ್ಯಾಯಿನಿ

ಮೇಲಿನ ಸಲಹೆಗಳನ್ನು ಒಪ್ಪುತ್ತೇನೆ, ಆದರೆ ವೇದಿಕೆಯನ್ನು ಪೂರ್ತಿ ಕೈಬಿಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಪ್ರತಿಭಾ ಕಾರಂಜಿಯಲ್ಲಿ ಕಂಠಪಾಠ, ಕಥೆ ಹೇಳುವುದು, ಅಭಿನಯ ಗೀತೆ, ಛದ್ಮವೇಷ ಇವೆಲ್ಲ ಇರುವುದು, ಓದಿನಲ್ಲಿ ಹಿಂದಿರುವ ಮಗುವಿಗೂ ತನ್ನದೊಂದು ಜಾಗ ಸಿಗಲೆಂದು. ತೊಂದರೆ ಬರುವುದು, ಶಾಲೆಗಳು ಕ್ಲಸ್ಟರ್ (ಸುತ್ತಲಿನ ಶಾಲೆಗಳ ಗುಂಪು) ಮಟ್ಟದ ಬಹುಮಾನಕ್ಕಾಗಿ ಚುರುಕಾದ ಒಂದೇ ಮಗುವನ್ನು ನಾಲ್ಕಾರು ಸ್ಪರ್ಧೆಗಳಿಗೆ ಸಿದ್ಧಪಡಿಸಿ ಉಳಿದವರನ್ನು ಚಪ್ಪಾಳೆ ತಟ್ಟಲು ಕೂರಿಸಿದಾಗ. ಶಾಲಾ ಮಟ್ಟದಲ್ಲಿ ಪ್ರತಿ ಮಗುವೂ ಯಾವುದಾದರೂ ಒಂದರಲ್ಲಿ ಭಾಗವಹಿಸಲೇಬೇಕು ಎಂಬ ನಿಯಮವನ್ನು ಸಭೆಯಲ್ಲಿ ಒತ್ತಾಯಿಸಿ. ವೇಷದ ಸಾಮಗ್ರಿಯನ್ನೆಲ್ಲ ಶಾಲೆಯಲ್ಲಿಯೇ ಹಳೆಯ ರಟ್ಟು, ಬಣ್ಣದ ಕಾಗದ, ಹಳೆಯ ಪಂಚೆ, ದುಪಟ್ಟಾಗಳಿಂದ ಮಕ್ಕಳೇ ಮಾಡಲಿ, ಬಾಡಿಗೆಯ ಉಡುಪಿಗೆ ಅವಕಾಶವೇ ಇಲ್ಲವೆಂದು ಮೊದಲೇ ತಿಳಿಸಲಿ. ಎಲ್ಲರಿಗೂ ಒಂದೇ ನಿಯಮವಾದಾಗ ಯಾವ ಮಗುವೂ ಮನೆಯಲ್ಲಿ ಉಳಿಯುವುದಿಲ್ಲ.

ಮಕ್ಕಳ ದಿನಾಚರಣೆಯಂದು ಮಕ್ಕಳಿಂದ ಏನನ್ನೂ ಮಾಡಿಸಬೇಡಿ. ಅಂದು ಶಿಕ್ಷಕರು ಹಾಡಲಿ, ಕಥೆ ಹೇಳಲಿ, ಬಿಸಿಯೂಟವನ್ನು ತಾವೇ ಬಡಿಸಲಿ.

ಪ್ರತಿಕ್ರಿಯೆ | ಪೋಷಕಿ, ಬೆಂಗಳೂರು ದಕ್ಷಿಣ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನೆಲದ ಮೇಲಿನ ನಕ್ಷೆ, ಮಳೆಮಾಪಕ ಮತ್ತು ಬಾಡಿಗೆ ವೇಷ ಬೇಡವೆಂಬ ನಿಯಮ, ಈ ಮೂರನ್ನು ಸಭೆಯ ಮುಂದಿಡುತ್ತೇನೆ. ಆಕಾಶಮಲ್ಲಿಗೆಯ ಮರ ನಮ್ಮ ಶಾಲೆಯ ಹಿಂಬದಿಯ ರಸ್ತೆಯಲ್ಲಿಯೇ ಇದೆ. ಶಿಕ್ಷಕಿ ಮೇಡಂ ಅವರಲ್ಲಿ ಒಂದು ಸಂದೇಹ: ನೀರು ತುಂಬಿದ ಬಾಟಲಿಯನ್ನು ಅಂಗಳದಲ್ಲಿ ಇಟ್ಟರೆ ಸೊಳ್ಳೆ ಬೆಳೆದು ಡೆಂಗಿ ಬರುತ್ತದೆಂದು ಪೋಷಕರು ಆಕ್ಷೇಪಿಸಿದರೆ ಏನು ಹೇಳಲಿ?

ಉತ್ತರ 4 | ಸರ್ಕಾರಿ ಪ್ರಾಥಮಿಕ ಶಾಲಾ ಶಿಕ್ಷಕಿ

ಆಕ್ಷೇಪ ನ್ಯಾಯವಾದದ್ದೇ. ಅಳತೆ ಬರೆದುಕೊಂಡ ತಕ್ಷಣ ಬಾಟಲಿಯನ್ನು ಪೂರ್ತಿ ಬರಿದು ಮಾಡಿ, ಒಳಬದಿಯನ್ನು ಉಜ್ಜಿ, ಸೊನ್ನೆ ಗುರುತಿನವರೆಗೆ ಹೊಸ ನೀರು ಹಾಕಿಸಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ಹೊರಬಂದು ರೆಕ್ಕೆ ಮೂಡುವ ಹಂತಕ್ಕೆ ಬರಲು ಸುಮಾರು ಒಂದು ವಾರ ಬೇಕು, ಆದ್ದರಿಂದ ದಿನವೂ ನೀರು ಬದಲಾಯಿಸಿದರೆ ಭಯವಿಲ್ಲ. ಶನಿವಾರ ಶಾಲೆ ಬಿಡುವಾಗ ಬಾಟಲಿಯನ್ನು ಖಾಲಿ ಮಾಡಿ ಒಳಗಿಡಿ, ಭಾನುವಾರದ ಸಾಲಿನಲ್ಲಿ ‘ಅಳೆದಿಲ್ಲ’ ಎಂದು ಮಕ್ಕಳೇ ಬರೆಯಲಿ. ಅದೇ ಹೊತ್ತಿನಲ್ಲಿ ಶಾಲೆಯ ಅಂಗಳದಲ್ಲಿರುವ ಹೂಕುಂಡದ ತಟ್ಟೆ, ಒಡೆದ ಬಕೆಟ್ಟು, ತೊಟ್ಟಿಯ ಮುಚ್ಚಳ ಇವುಗಳಲ್ಲಿ ನಿಂತ ನೀರನ್ನೂ ಚೆಲ್ಲಿಸುವ ಜವಾಬ್ದಾರಿಯನ್ನು ವಾರಕ್ಕೊಂದು ಗುಂಪಿನಂತೆ ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳಿಗೆ ವಹಿಸಿ, ಒಬ್ಬ ಶಿಕ್ಷಕರು ಜೊತೆಯಲ್ಲಿರಲಿ.