ಬ್ಯಾಗ್ ಇಲ್ಲಿ ಕೊಡಿ

“ಅಪರಿಚಿತರು ಸಹಾಯ ಮಾಡೋಕೆ ಬಂದ್ರೆ ನನಗೆ ಭಯ ಕಣ್ರೋ,” ಅಂದ ಶೀನ. “ಸಹಾಯದ ಭಯ ಅಲ್ಲ. ಅದರ ಜೊತೆ ಬರೋ ವಿಚಾರಣೆಯ ಭಯ.”

ಎರಡು ಕಾಫಿಯನ್ನು ಬೈ ಟೂ ಮಾಡಿಸಿಕೊಂಡು ನಾಲ್ಕು ಜನ ಕೂತಿದ್ದೆವು. ಶೀನ, ಬಾಗಲಕೋಟೆ ಕಡೆಯ ಬಸು, ಉಡುಪಿಯ ವಾಣಿ, ನಾನು. ಶೀನನಿಗೆ ಮೈಸೂರು ಪ್ಯಾಸೆಂಜರ್ ರೈಲಿನಲ್ಲಿ ಒಬ್ಬ ಹಿರಿಯರು ಸರಿದು ಕೂತು ಕಿಟಕಿ ಪಕ್ಕ ಜಾಗ ಕೊಟ್ಟಿದ್ದರಂತೆ.

“ಕೊಟ್ಟರು, ಸರಿ. ಬಿಡದಿಗೆ ಯಾವ ಊರು, ಯಾವ ಮನೆತನ ಆಯ್ತು. ರಾಮನಗರಕ್ಕೆ ಸಂಬಳ. ಚನ್ನಪಟ್ಟಣದಲ್ಲಿ ಮದುವೆ ಯಾಕಿನ್ನೂ ಆಗಿಲ್ಲ ಅಂದರು. ಮದ್ದೂರಲ್ಲಿ ವಡೆ ಕೊಡಿಸಿದರು. ವಡೆ ತಿಂದ ಮೇಲೆ ಬಾಯಿ ಬಿಡದೇ ಇರೋಕಾಗುತ್ತಾ? ಮಂಡ್ಯ ಬರುವಷ್ಟರಲ್ಲಿ ಅವರ ತಂಗಿ ಮಗಳ ಫೋಟೋ ನನ್ನ ಕೈಯಲ್ಲಿತ್ತು.”

“ಆಮೇಲೆ?”

“ಮೈಸೂರು ಬಂತು, ಬಚಾವಾದೆ. ಎಕ್ಸ್‌ಪ್ರೆಸ್‌ವೇ ಬಸ್ಸಲ್ಲಿ ಹೋಗಿದ್ದರೆ ಮಧ್ಯೆ ಅಷ್ಟು ಊರೇ ಸಿಗ್ತಿರಲಿಲ್ಲ.”

“ಅದರಾಗ ತಪ್ಪೇನೈತಿ?” ಬಸುಗೆ ಬೇಜಾರಾಯಿತು. “ಏನೂ ಕೇಳದ ಹಂಗ ಸೀಟು ಕೊಟ್ಟು ಆ ಕಡೆ ಮುಖ ತಿರುಗಿಸಿದ್ರ, ನಿನಗ ಕೊಟ್ಟರೋ ಬೆಂಚಿಗೆ ಕೊಟ್ಟರೋ?”

ಬಸುವಿನ ಕಡೆಯವರ ಔದಾರ್ಯದ ಅನುಭವ ನನಗೂ ಇದೆ. ಗೋಲಗುಂಬಜ್ ಎಕ್ಸ್‌ಪ್ರೆಸ್ ಬೆಂಗಳೂರು ದಾಟಿದರೆ ಸಾಕು, ಡಬ್ಬಿಯ ತುಂಬ ಗಂಟು ಬಿಚ್ಚುವ ಸದ್ದು. ಎದುರಿಗಿದ್ದ ಅಜ್ಜಿ “ಬರ್ರಿ, ಊಟ ಮಾಡೋಣು” ಅಂದರು. ಬೇಡ ಅಂದೆ. ಇನ್ನೊಮ್ಮೆ ಅಂದರು. ಇನ್ನೊಮ್ಮೆ ಬೇಡ ಅಂದೆ. ನಮ್ಮ ಕಡೆ ಮೂರನೇ ಸಲ ಕೇಳಿದ ಮೇಲೆ ಒಪ್ಪಿಕೊಳ್ಳುವುದು ವಾಡಿಕೆ. ಆ ಅಜ್ಜಿ ಮೂರನೇ ಸಲ ಕೇಳಲೇ ಇಲ್ಲ. ಸೀದಾ ನನ್ನ ಅಂಗೈ ಮೇಲೆ ಜೋಳದ ರೊಟ್ಟಿ ಇಟ್ಟು, ಅದರ ಮೇಲೆ ಎಣ್ಣೆಗಾಯಿ, ಪಕ್ಕಕ್ಕೆ ಶೇಂಗಾ ಚಟ್ನಿ, ಚಟ್ನಿಗೆ ಗುಂಡಿ ಮಾಡಿ ಮೊಸರು. ತಟ್ಟೆಯಾಗಿದ್ದರೆ ವಾಪಸ್ ಕೊಡಬಹುದಿತ್ತು. ಇಲ್ಲಿ ರೊಟ್ಟಿಯೇ ತಟ್ಟೆ. ಪಕ್ಕದ ಹುಡುಗನೊಬ್ಬ ಸುಮ್ನೆ ಇರಲಾರದೆ, “ಅಪರಿಚಿತರಿಂದ ತಿಂಡಿ ತಗೋಬೇಡಿ ಅಂತ ರೈಲ್ವೆಯವರೇ ಹೇಳ್ತಾರೆ” ಅಂದ. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದರು. “ಅಪರಿಚಿತರು ಯಾರಪಾ? ಬೆಂಗಳೂರಿಂದ ಕೂಡೇ ಬಂದೀವಿ.” ಇನ್ನೂ ತುಮಕೂರು ಬಂದಿರಲಿಲ್ಲ. ಅವನ ಕೈಗೂ ಒಂದು ರೊಟ್ಟಿ ಬಂತು.

“ನೀವು ಗಂಡಸರಿಗೆ ಬರೀ ತಿನ್ನೋದೇ ನೆನಪಿರುತ್ತೆ ಮಾರಾಯ,” ಅಂದಳು ವಾಣಿ. ಅವಳ ಪ್ರಕಾರ ನಿಜವಾದ ಉಪಕಾರ ಅಂದರೆ ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಕೂತವರು ನಿಂತವರಿಗೆ “ಬ್ಯಾಗ್ ಇಲ್ಲಿ ಕೊಡಿ” ಅನ್ನುವುದು. ಊರು ಕೇಳುವುದಿಲ್ಲ, ಹೆಸರು ಕೇಳುವುದಿಲ್ಲ. ಒಂದು ಕೈ ಮುಂದೆ ಬರುತ್ತೆ, ಬ್ಯಾಗು ತೊಡೆ ಮೇಲೆ ಹೋಗುತ್ತೆ.

“ಶಕ್ತಿ ಯೋಜನೆ ಬಂತಲ್ಲ, 2023ರ ಜೂನ್ 11ಕ್ಕೆ? ಆಮೇಲೆ ನಾವು ಹೆಂಗಸರು ಹತ್ತೋದೂ ಜಾಸ್ತಿ ಆಯ್ತು. ಬೆಳಗ್ಗೆ ಸೀಟು ಸಿಕ್ಕಿದವಳು ಅಂದ್ರೆ ಬಸ್ಸಿನ ಕಪಾಟು. ಮೊನ್ನೆ ನನ್ನ ತೊಡೆ ಮೇಲೆ ಎರಡು ಲ್ಯಾಪ್‌ಟಾಪ್ ಬ್ಯಾಗು, ಯಾರದ್ದೋ ಊಟದ ಡಬ್ಬಿ, ಮೇಲೆ ಒಂದು ಕಟ್ಟು ನುಗ್ಗೆಕಾಯಿ. ಸ್ಟಾಪ್ ಬಂದರೂ ನನಗೆ ಕಿಟಕಿ ಕಾಣ್ತಿರಲಿಲ್ಲ. ನುಗ್ಗೆಕಾಯಿಯವರನ್ನೇ ಕೇಳಿದೆ, ಎಲ್ಲಿದ್ದೇವೆ ಅಂತ. ಅವರೂ ಪರ್ಸು, ಆಧಾರ್ ಕಾರ್ಡು ಎಲ್ಲಾ ಬ್ಯಾಗಲ್ಲೇ ಬಿಟ್ಟು ಹಿಂದಿನ ಬಾಗಿಲ ಹತ್ತಿರ ನಿಂತಿದ್ದರು. ಆ ಪರ್ಸನ್ನು ಗಂಡನ ಕೈಗಾದರೂ ಹಾಗೆ ಕೊಡ್ತಾರಾ?”

ಗಂಡಂದಿರಿಬ್ಬರೂ ಕಾಫಿ ಲೋಟದ ತಳ ನೋಡಿದೆವು.

ನನಗೆ ನೆನಪಾದದ್ದು ಚಿಲ್ಲರೆ. ಕಂಡಕ್ಟರು ಟಿಕೆಟ್ಟಿನ ಹಿಂದೆ ಬಾಕಿ ಬರೆದು, ಇಳಿಯುವಾಗ ನಮ್ಮನ್ನೂ ಇನ್ನೊಬ್ಬರನ್ನೂ ಸೇರಿಸಿ ಒಂದೇ ನೋಟು ಕೊಟ್ಟು “ಇಬ್ರೂ ಹಂಚ್ಕೊಳ್ಳಿ” ಅಂತ ವಿಷಲ್ ಊದಿಬಿಡುತ್ತಿದ್ದರು. ಕಡೂರಿನ ಬಸ್‌ಸ್ಟ್ಯಾಂಡಿನಲ್ಲಿ ಹೀಗೆ ನನಗೂ ಒಬ್ಬ ಅಡಿಕೆ ವ್ಯಾಪಾರಿಗೂ ಗಂಟು ಬಿತ್ತು. ಯಾವ ಅಂಗಡಿಯವರೂ ಚಿಲ್ಲರೆ ಕೊಡಲಿಲ್ಲ. ನೋಟು ಅವರ ಕೈಯಲ್ಲಿ, ಅವರ ಹಿಂದೆ ನಾನು. “ನೀವೇ ಇಟ್ಕೊಳ್ಳಿ” ಅಂದೆ. “ಛೆ, ನೀವೇ ಇಟ್ಕೊಳ್ಳಿ” ಅಂದರು. ಕೊನೆಗೆ ಅದರಲ್ಲಿ ಟೀ ಕುಡಿದೆವು. ಟೀಗೆ ನೋಟು ಸಾಲಲಿಲ್ಲ, ಉಳಿದದ್ದನ್ನು ಅವರೇ ಹಾಕಿದರು. ಈಗ ಕ್ಯೂಆರ್ ಕೋಡು ಬಂದಿದೆ. ಚಿಲ್ಲರೆ ಜಗಳ ಇಲ್ಲ, ಆರಾಮು. ಅಡಿಕೆ ರೇಟು ಮಾತ್ರ ಯಾರೂ ಹೇಳುವುದಿಲ್ಲ.

“ಇವೆಲ್ಲಾ ಸಣ್ಣವು,” ಅಂದ ಬಸು. “ನಾವು ಒಬ್ಬ ಮನುಷ್ಯಾಗ ಸಾವಿರ ರೂಪಾಯಿ ಕೂಡಿಸಿದ್ವಿ.”

ಅರಸೀಕೆರೆಯ ಕಥೆ. ರಾತ್ರಿ. ಮಧ್ಯದ ಬರ್ತ್ ಎತ್ತುವ ಹೊತ್ತು. ಬಸುವಿನ ಎದುರಿಗೆ ಕೂತಿದ್ದ ಲುಂಗಿಯವನು ಟೀ ತರುತ್ತೇನೆ ಅಂತ ಇಳಿದ. ರೈಲು ಹೊರಟಿತು. ಆಸಾಮಿ ಇಲ್ಲ. ಫೋನು ಇಲ್ಲೇ ಚಾರ್ಜಿಗೆ ನೇತಾಡುತ್ತಿದೆ. ಚೈನ್ ಎಳೀರಿ ಅಂತ ಒಬ್ಬರು ಕೂಗಿದರು. ಇನ್ನೊಬ್ಬರು ಕನ್ನಡಕ ಹಾಕಿಕೊಂಡು ಚೈನಿನ ಕೆಳಗಿನ ಬರಹ ಓದಿದರು. ಸಕಾರಣವಿಲ್ಲದೆ ಎಳೆದರೆ 1000 ರೂಪಾಯಿವರೆಗೆ ದಂಡ, ಒಂದು ವರ್ಷದವರೆಗೆ ಜೈಲು. ಟೀ ಸಕಾರಣವೇ ಅಂತ ಚರ್ಚೆ ಶುರುವಾಯಿತು. ಒಬ್ಬ ವಕೀಲರು ಮೇಲಿನ ಬರ್ತಿನಿಂದಲೇ ಅಭಿಪ್ರಾಯ ಕೊಟ್ಟರು, ಇಳಿಯಲಿಲ್ಲ. ಜೈಲಿಗೆ ಯಾರೂ ಒಪ್ಪಲಿಲ್ಲ, ದಂಡಕ್ಕೆ ಎಲ್ಲರೂ ಒಪ್ಪಿದರು. ಬಸು ಟವೆಲ್ ಹಾಸಿದ. ನೂರು, ಇನ್ನೂರು, ಐವತ್ತು ಬಿದ್ದವು. ಸೈಡ್ ಲೋಯರ್‌ನ ಮುದುಕಿ ಸೊಂಟದ ಚೀಲದಿಂದ ಇಪ್ಪತ್ತು ರೂಪಾಯಿ ತೆಗೆದು, “ಪಾಪ, ಯಾರ ಮಗನೋ” ಅಂದಳು.

ಅಷ್ಟರಲ್ಲಿ ಲುಂಗಿ ಬಂತು. ಎರಡು ಬೋಗಿ ಹಿಂದೆ ಹತ್ತಿ, ಒಳಗಿಂದಲೇ ನಡೆದುಕೊಂಡು. ಕೈಯಲ್ಲಿ ಟೀ ಹಾಗೇ ಇದೆ, ಒಂದು ಹನಿ ಚೆಲ್ಲಿಲ್ಲ.

“ಬೈದ್ವಿ ನೋಡು,” ಅಂದ ಬಸು. “ಅವರಪ್ಪನೂ ಹಂಗ ಬೈದಿರಲಿಕ್ಕಿಲ್ಲ. ಮುದುಕಿ ಅಂತೂ ತಲಿಗೊಂದು ಮೊಟಕಿದಳು. ಅಂವ ಎಲ್ಲಾ ಕೇಳಿ, ಫೋನು ಕಿತ್ಕೊಂಡು, ‘ನನ್ನ ಸೀಟು ಇಲ್ಲಲ್ರೀ, ಪಕ್ಕದ ಡಬ್ಬಿ. ಅಲ್ಲಿ ಪ್ಲಗ್ ಕೆಟ್ಟೈತಂತ ಇಲ್ಲಿ ಬಂದು ಕುಂತಿದ್ದೆ’ ಅಂದ!”

“ದುಡ್ಡು?” ಅಂದ ಶೀನ. ಅವನ ಲಕ್ಷ್ಯ ಯಾವಾಗಲೂ ಸರಿಯಾದ ಜಾಗದಲ್ಲೇ ಇರುತ್ತೆ.

ದುಡ್ಡು ವಾಪಸ್ ಹಂಚುವುದು ಕೂಡಿಸಿದ್ದಕ್ಕಿಂತ ಕಷ್ಟವಾಯಿತಂತೆ. ಎಲ್ಲರೂ ತಮ್ಮ ತಮ್ಮದು ತೆಗೆದುಕೊಂಡ ಮೇಲೆ ನೂರು ರೂಪಾಯಿ ಉಳಿಯಿತು. ನಂದಲ್ಲ, ನಂದಲ್ಲ. ವಕೀಲರೂ ತಮ್ಮದಲ್ಲ ಅಂದರು. ಕೊನೆಗೆ ಮುಂದಿನ ಸ್ಟೇಷನ್ನಿನಲ್ಲಿ ಆ ನೂರಕ್ಕೆ ಎಲ್ಲರಿಗೂ ಟೀ ತರಿಸಿದರು. ಲುಂಗಿಯವನು ತಾನೇ ತರುತ್ತೇನೆ ಅಂತ ಎದ್ದನಂತೆ. ಅವನನ್ನು ಮಾತ್ರ ಇಳಿಯಲು ಬಿಡಲಿಲ್ಲ.