ಸಹಾಯ ಬೇಕು: ಸೋದರಮಾವನ ಕೆಂಪು ಒಮೆಗಾ ವಾಚ್ ಅಸಲಿಯೇ, ನಕಲಿಯೇ?

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕದವನು. ದುಬೈಯಲ್ಲಿ ದುಡಿದು ಊರಿಗೆ ಮರಳಿದ ಸೋದರಮಾವ ತಮ್ಮ ಒಮೆಗಾ ಸ್ಪೀಡ್‌ಮಾಸ್ಟರ್ ನನಗೆ ಕೊಟ್ಟಿದ್ದಾರೆ. ಕೆಂಪು ಡಯಲ್, ಕಾರ್ ರೇಸ್ ಚಾಲಕ ಮೈಕೆಲ್ ಶುಮಾಕರ್ ಫೆರಾರಿ ತಂಡ ಸೇರಿದ 1996ರಲ್ಲಿ ಅವರ ಹೆಸರಿನಲ್ಲಿ ಬಂದ ವಿಶೇಷ ಆವೃತ್ತಿಯದು. ಪೆಟ್ಟಿಗೆ, ವಾರಂಟಿ ಕಾರ್ಡು ಎರಡೂ ಇಲ್ಲ. ಮನೆ ಬದಲಾಯಿಸುವಾಗ ಅತ್ತೆ ರದ್ದಿಗೆ ಹಾಕಿದರಂತೆ!

ವಾಚ್ ಓಡುತ್ತದೆ, ಆದರೆ ಗುಂಡಿ ಒತ್ತಿದರೆ ಸ್ಟಾಪ್‌ವಾಚ್ ಮುಳ್ಳು ಸೊನ್ನೆಗೆ ಮರಳುವುದಿಲ್ಲ. ಕಾಸರಗೋಡಿನಲ್ಲಿ ಒಬ್ಬರು ಸೆಲ್ ಬದಲಾಯಿಸಿ ಎಂದರು. ಕೈಯ ಅಲುಗಾಟದಿಂದಲೇ ಓಡುವ ಆಟೋಮ್ಯಾಟಿಕ್ ವಾಚಿಗೆ ಸೆಲ್ ಎಲ್ಲಿಂದ ಬರಬೇಕು? ಮಂಗಳೂರಿನ ಅಂಗಡಿಯವರು, ಕೀ (ಸಮಯ ಹೊಂದಿಸಲು ತಿರುಗಿಸುವ ಬಿರಡೆ) ಮತ್ತು ಸ್ಟಾಪ್‌ವಾಚಿನ ಎರಡು ಗುಂಡಿಗಳು ಒಂದೇ ಮಟ್ಟದಲ್ಲಿಲ್ಲ, ಹಾಗಾಗಿ ನಕಲಿ ಎಂದುಬಿಟ್ಟರು. ನಾನು ಓದಿದ ಪ್ರಕಾರ, ಈ ಸಣ್ಣ ಗಾತ್ರದ ಮಾದರಿಯಲ್ಲಿ ಸ್ಟಾಪ್‌ವಾಚ್ ಭಾಗವನ್ನು ಮೂಲ ಯಂತ್ರದ ಮೇಲೆ ಕೂರಿಸಿರುವುದರಿಂದ ಅಸಲಿಯಲ್ಲೂ ಕೀ ತುಸು ಕೆಳಗೇ ಇರುತ್ತದೆ. ಆದರೆ ನಕಲಿ ಮಾಡುವವರಿಗೂ ಇದು ಗೊತ್ತಿರಬಹುದಲ್ಲವೇ? ಸಿಕ್ಕಿಬಿದ್ದಿರುವುದು ಇಲ್ಲಿಯೇ.

ಮಾರುವ ಯೋಚನೆಯಿಲ್ಲ, ಕಟ್ಟಿಕೊಳ್ಳುವ ಆಸೆ ಅಷ್ಟೇ. ಹಿಂದಿನ ಮುಚ್ಚಳ ತೆರೆಸಿದರೆ ಒಳಗೆ ಯಾವ ಗುರುತುಗಳನ್ನು ನೋಡಬೇಕು? ಮಂಗಳೂರು ಅಥವಾ ಕಣ್ಣೂರಿನಲ್ಲಿ ಇಂಥ ವಾಚನ್ನು ಕೆಡಿಸದೆ ಬಿಚ್ಚಬಲ್ಲವರು ಯಾರಿದ್ದಾರೆ?