ಹಳೆ ಕಾರಿನ ಅಂಚುಗಳಲ್ಲಿ ಗುಳ್ಳೆ: ಮೊದಲು ಪೇಂಟಾ, ಅಡಿಭಾಗವಾ?

ನೀಲಿಸೆಡಾನ್:
22 ವರ್ಷ ಹಳೆಯ ಸ್ಟೀಲ್ ಬಾಡಿಯ ಸೆಡಾನ್. ಎಂಜಿನ್ ಗಟ್ಟಿಮುಟ್ಟಾಗಿದೆ, ಬಾಡಿಯನ್ನೂ ಇನ್ನು ಹತ್ತು ವರ್ಷ ಉಳಿಸಿಕೊಳ್ಳಬೇಕು. ಹಿಂದಿನ ಎರಡೂ ಚಕ್ರಗಳ ಕಮಾನಿನ ಅಂಚಿನಲ್ಲಿ ಕಡಲೆಕಾಳಿನಷ್ಟು ಗುಳ್ಳೆಗಳಿವೆ. ಎಡಗಡೆ ಮುಂದಿನ ಬಾಗಿಲಿನ ಕೆಳ ಅಂಚಿನಲ್ಲಿ ಕಂದು ಗೆರೆ. ಬಾನೆಟ್ ಮೇಲೆ ಕಲ್ಲು ಸಿಡಿದ ಐದಾರು ಚುಕ್ಕೆ. ರೂಫ್ ಮಂಕಾಗಿದೆ, ಪಾಲಿಶ್ ಹಾಕಿ ಉಜ್ಜಿದರೆ ಬಟ್ಟೆಗೆ ಬಣ್ಣ ಹತ್ತುತ್ತದೆ. ಅಡಿಯಲ್ಲಿ ಹಿಂದೆಂದೋ ಬಳಿದ ಕಪ್ಪು ಕೋಟಿಂಗ್ ಅಲ್ಲಲ್ಲಿ ಬಿರುಕು ಬಿಟ್ಟಿದೆ.

ಎಲ್ಲಿಂದ ಶುರು ಮಾಡಬೇಕು? ರಸ್ಟ್ ಕನ್ವರ್ಟರ್ ಹಚ್ಚಿ ಮೇಲೆ ಪೇಂಟ್ ಹೊಡೆದರೆ ಸಾಕಾ? ಬ್ಯಾಟರಿಗೆ ಜೋಡಿಸುವ ಎಲೆಕ್ಟ್ರಾನಿಕ್ ತುಕ್ಕುನಿರೋಧಕ ಡಬ್ಬಿ ಕೆಲಸ ಮಾಡುತ್ತದಾ?

ತಗಡುಕೆಲಸ:
ರೂಫ್ ಸದ್ಯಕ್ಕೆ ಬಿಡಿ. ಮಂಕಾದ ಬಣ್ಣ ನೋಡಲು ಚೆನ್ನಾಗಿಲ್ಲ, ಅಷ್ಟೇ. ಕಾರನ್ನು ತಿನ್ನುತ್ತಿರುವುದು ಕಮಾನು ಮತ್ತು ಬಾಗಿಲಿನ ಅಂಚು. ಎರಡೂ ಕಡೆ ಒಂದು ತಗಡಿನ ಮೇಲೆ ಇನ್ನೊಂದು ತಗಡು ಮಡಚಿ ಕೂತಿರುತ್ತದೆ. ಆ ಮಡಿಕೆಯೊಳಗೆ ಸೇರಿದ ಕೆಸರು, ಹೊರಗೆಲ್ಲ ಒಣಗಿದ ಮೇಲೂ ತೇವ ಹಿಡಿದಿಟ್ಟುಕೊಳ್ಳುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ಆದ್ದರಿಂದ ಅದು ಬಣ್ಣವನ್ನು ಕೆಳಗಿನಿಂದ ಎತ್ತುತ್ತದೆ. ಗುಳ್ಳೆ ಕಣ್ಣಿಗೆ ಬೀಳುವ ಹೊತ್ತಿಗೆ ಅದರ ಸುತ್ತ ಇನ್ನಷ್ಟು ಅಗಲ ಕೆಟ್ಟಿರುತ್ತದೆ. ಕಡಲೆಕಾಳಿನಷ್ಟು ಗುಳ್ಳೆ ಕೆರೆದರೆ ನಾಣ್ಯದಗಲ ತುಕ್ಕು ಸಿಕ್ಕೀತು, ಗಾಬರಿಯಾಗಬೇಡಿ.

ಮೊದಲ ಕೆಲಸ ನೀರಿಗೆ ದಾರಿ ಬಿಡಿಸುವುದು. ಪ್ರತಿ ಬಾಗಿಲಿನ ಕೆಳಗೆ ಎರಡು ಮೂರು ಡ್ರೈನ್ ತೂತುಗಳಿರುತ್ತವೆ. ಸಿಲ್‌ನ (ಬಾಗಿಲುಗಳ ಕೆಳಗೆ ಉದ್ದಕ್ಕೂ ಸಾಗುವ ಟೊಳ್ಳು ತಗಡಿನ ಪಟ್ಟಿ) ಅಡಿಯಲ್ಲಿ ಇವೆ, ವಿಂಡ್‌ಶೀಲ್ಡ್ ಕೆಳಗೆ ಎಲೆ ಬೀಳುವ ಹಳ್ಳದ ಎರಡೂ ತುದಿಯಲ್ಲಿ ಇವೆ, ಡಿಕ್ಕಿಯ ಪಕ್ಕದ ಗುಂಡಿಗಳಲ್ಲೂ ಇರುತ್ತವೆ. ತೂತು ಬಿಡಿಸಲು ಕಬ್ಬಿಣದ ತಂತಿ ಬೇಡ. ಅದು ತೂತಿನ ಅಂಚಿನ ಬಣ್ಣ ಗೀರುತ್ತದೆ, ಮುಂದಿನ ತುಕ್ಕು ಅಲ್ಲಿಂದಲೇ ಶುರು. ಪ್ಲಾಸ್ಟಿಕ್ ಕೇಬಲ್ ಟೈ ಸಾಕು. ಆಮೇಲೆ ಬಾಗಿಲಿನ ಗಾಜಿನ ಹೊರ ರಬ್ಬರ್ ಪಕ್ಕದಿಂದ ಅರ್ಧ ಲೀಟರ್ ನೀರನ್ನು ನಿಧಾನವಾಗಿ ಬಿಡಿ. ಒಳಗೆ ಇಳಿದ ನೀರು ತಡವಿಲ್ಲದೆ ಕೆಳಗಿನಿಂದ ಹೊರಬರಬೇಕು.

ಕಾರ್ಪೆಟ್ ಎತ್ತಿ ಕೆಳಗಿನ ಫೆಲ್ಟ್ ಮುಟ್ಟಿ ನೋಡಿ. ಮೇಲೆ ಒಣಗಿದಂತಿದ್ದರೂ ಫೆಲ್ಟ್ ತಿಂಗಳುಗಟ್ಟಲೆ ಒದ್ದೆ ಇರಬಲ್ಲದು, ಆಗ ಫ್ಲೋರ್ ಒಳಗಿನಿಂದಲೇ ಹೋಗುತ್ತದೆ.

ಕೊನೆಗೆ ಸ್ಕ್ರೂಡ್ರೈವರ್ ಹಿಡಿಯಿಂದ ಸಿಲ್, ಜ್ಯಾಕ್ ಪಾಯಿಂಟ್, ಸ್ಪ್ರಿಂಗ್ ಕೂರುವ ಜಾಗ ತಟ್ಟುತ್ತಾ ಹೋಗಿ. ಒಳ್ಳೆಯ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ಡಬ್ ಎನ್ನುತ್ತದೆ. ಡಬ್ ಎಂದಲ್ಲಿ ಮೊನೆಯಿಂದ ಒತ್ತಿ. ಅಯಸ್ಕಾಂತ ಅಂಟದ ಕಡೆ ಒಳಗೆ ದಪ್ಪ ಪುಟ್ಟಿ ಇದೆಯೆಂದು ತಿಳಿಯಿರಿ. ಫಲಿತಾಂಶ ಇಲ್ಲಿ ಬರೆಯಿರಿ.

ಎಲೆಕ್ಟ್ರಾನಿಕ್ ಡಬ್ಬಿ ಬೇಡ. ಸಣ್ಣ ವಿದ್ಯುತ್ ಹರಿಸಿ ತುಕ್ಕು ತಡೆಯುವ ಆ ತತ್ವ ಹಡಗಿಗೆ, ನೆಲದಲ್ಲಿ ಹೂತ ಪೈಪಿಗೆ ಸರಿ, ಏಕೆಂದರೆ ಸುತ್ತಲಿನ ಸಮುದ್ರದ ನೀರು ಅಥವಾ ಹಸಿ ಮಣ್ಣು ವಿದ್ಯುತ್ತಿಗೆ ದಾರಿಯಾಗುತ್ತದೆ. ಕಾರಿನ ಸುತ್ತ ಇರುವುದು ಗಾಳಿ. ಅಲ್ಲೊಂದು ಇಲ್ಲೊಂದು ನೀರ ಹನಿಗೆ ಆ ಡಬ್ಬಿಯಿಂದ ಏನೂ ತಲುಪುವುದಿಲ್ಲ.

ಬಣ್ಣದಪದರ:
ಕನ್ವರ್ಟರ್ ಬಗ್ಗೆ. ಅದರಲ್ಲಿರುವ ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿಕ್ ಆಮ್ಲ ತುಕ್ಕಿನ ಜೊತೆ ಸೇರಿ ಗಟ್ಟಿಯಾದ ಕಪ್ಪು ಪದರವಾಗುತ್ತದೆ. ಪದರ ಪದರವಾಗಿ ಏಳುವ ದಪ್ಪ ತುಕ್ಕಿನ ಮೇಲೆ ಬಳಿದರೆ ಮೇಲ್ಮೈ ಮಾತ್ರ ಕಪ್ಪಾಗುತ್ತದೆ, ಕೆಳಗೆ ತಿನ್ನುವುದು ನಿಲ್ಲುವುದಿಲ್ಲ. ಹೊಳೆಯುವ ಲೋಹದ ಮೇಲೆ ಅದಕ್ಕೆ ಮಾಡಲು ಕೆಲಸವೇ ಇಲ್ಲ. ಹಾಗಾಗಿ ವೈರ್ ಬ್ರಷ್ ಮತ್ತು 80 ನಂಬರ್ ಎಮರಿಯಿಂದ ತೆಗೆಯಬಹುದಾದಷ್ಟನ್ನೂ ತೆಗೆದು, ಸಣ್ಣ ಕುಳಿಗಳಲ್ಲಿ ಉಳಿದದ್ದಕ್ಕೆ ಮಾತ್ರ ಹಚ್ಚಿ. ಫಾಸ್ಫಾರಿಕ್ ಬಗೆಯದಾದರೆ ಉಳಿದ ಆಮ್ಲವನ್ನು ಡಬ್ಬಿಯ ಮೇಲೆ ಹೇಳಿದಂತೆ ತೊಳೆದು ಒಣಗಿಸಲೇಬೇಕು. ಇಲ್ಲದಿದ್ದರೆ ಮೇಲೆ ಹೊಡೆಯುವ ಎಪಾಕ್ಸಿ ಪ್ರೈಮರ್ ಹಿಡಿಯದೆ ಹಾಳೆಯಂತೆ ಎದ್ದು ಬರುತ್ತದೆ.

ಉಜ್ಜುವ ಮೊದಲೇ ವ್ಯಾಕ್ಸ್-ಗ್ರೀಸ್ ರಿಮೂವರ್‌ನಿಂದ ಒರೆಸಿ. ಬಹಳ ಜನ ಇದನ್ನು ಉಜ್ಜಿದ ಮೇಲಷ್ಟೇ ಮಾಡುತ್ತಾರೆ. ಅಷ್ಟರಲ್ಲಿ ಎಮರಿಯೇ ಹಳೆಯ ವ್ಯಾಕ್ಸನ್ನು ಗೀರುಗಳೊಳಗೆ ತುಂಬಿರುತ್ತದೆ, ಪೇಂಟ್ ಅಲ್ಲಿ ಮೀನಿನ ಕಣ್ಣಿನಂತೆ ಕುಳಿ ಬೀಳುತ್ತದೆ. ಲೋಹ ಕಂಡ ಮೇಲೆ 180, ನಂತರ 320ರಿಂದ ಸುತ್ತಲಿನ ಬಣ್ಣದ ಅಂಚನ್ನು 3 ಸೆಂ.ಮೀ. ಇಳಿಜಾರು ಮಾಡಿ. ಬೆರಳಾಡಿಸಿದರೆ ಮೆಟ್ಟಿಲು ಸಿಗಬಾರದು. ಮತ್ತೆ ಒರೆಸಿ, ಅದೇ ದಿನ ಎರಡು ಕೋಟ್ ಟು-ಪ್ಯಾಕ್ (ಹಾರ್ಡನರ್ ಬೆರೆಸಿ ಹೊಡೆಯುವ) ಎಪಾಕ್ಸಿ ಪ್ರೈಮರ್. ತೇವದ ಹವೆಯಲ್ಲಿ ಬರಿ ತಗಡಿಗೆ ಕೆಲವೇ ಗಂಟೆಗಳಲ್ಲಿ ಹೊಸ ತುಕ್ಕು ಕೂರುತ್ತದೆ. ಸಾಮಾನ್ಯ ಬೂದು ಪ್ರೈಮರ್ ತೇವ ಹೀರುತ್ತದೆ, ಅದನ್ನು ಹೊಡೆದು ವಾರಗಟ್ಟಲೆ ಹಾಗೇ ಬಿಟ್ಟರೆ ಅಡಿಯಲ್ಲೇ ತುಕ್ಕು ಶುರುವಾಗುತ್ತದೆ.

ಪುಟ್ಟಿ ಬೇಕಾದರೆ ಎಪಾಕ್ಸಿ ಮೇಲೆ, 2-3 ಮಿ.ಮೀ. ಮೀರದಂತೆ, ಒಣ ಎಮರಿಯಲ್ಲೇ ಉಜ್ಜಿ. ಮೇಲೆ ಮತ್ತೆ ಪ್ರೈಮರ್, 600ರಲ್ಲಿ ನೀರು ಹಾಕಿ ಉಜ್ಜುವುದು, ಆಮೇಲೆ ಬಣ್ಣ. ಟು-ಪ್ಯಾಕ್ ಬಣ್ಣ ಮತ್ತು ಅದರ ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್‌ನ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಧೂಳಿನ ಮಾಸ್ಕ್ ಅದನ್ನು ತಡೆಯುವುದೇ ಇಲ್ಲ. ಆ ಹಂತವನ್ನು ಹೊರಗಿನಿಂದ ಗಾಳಿ ಪೂರೈಸುವ ಮಾಸ್ಕ್ ಇರುವ ಬೂತ್‌ಗೆ ಬಿಡಿ. ಶ್ವಾಸಕೋಶದ ವಿಷಯ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಕಲ್ಲಿನ ಚುಕ್ಕೆಗಳಿಗೆ ಫೈಬರ್‌ಗ್ಲಾಸ್ ಪೆನ್ನಿನಿಂದ ಕೆರೆದು, ಕಡ್ಡಿಯ ತುದಿಯಲ್ಲಿ ಎಪಾಕ್ಸಿ ಮುಟ್ಟಿಸಿ. ಅದು ಒಣಗಿದ ಮೇಲೆ ಟಚ್-ಅಪ್ ಬಣ್ಣವನ್ನು ಮೂರು ತೆಳು ಪದರಗಳಲ್ಲಿ ತುಂಬಿ. ಒಂದೇ ದಪ್ಪ ಹನಿ ಒಣಗುವಾಗ ಕುಗ್ಗಿ ಅಂಚಿನಲ್ಲಿ ಬಿಟ್ಟುಕೊಳ್ಳುತ್ತದೆ.

ಬಟ್ಟೆಗೆ ಬಣ್ಣ ಹತ್ತಿದೆ ಅಂದರೆ ರೂಫ್ ಮೇಲೆ ಕ್ಲಿಯರ್ ಕೋಟ್ ಇಲ್ಲ, ಅದು ಸಿಂಗಲ್ ಸ್ಟೇಜ್ ಪೇಂಟ್. ಸೌಮ್ಯ ಕಾಂಪೌಂಡ್‌ನಿಂದ ಹೊಳಪು ಬರುತ್ತದೆ, ಆದರೆ ಪ್ರತಿ ಸಲವೂ ಬಣ್ಣ ತೆಳುವಾಗುತ್ತದೆ. ಏಣುಗಳಿಗೆ ಟೇಪ್ ಹಚ್ಚಿ. ಬಳಿಕ ವ್ಯಾಕ್ಸ್, ಎರಡು ಮೂರು ತಿಂಗಳಿಗೊಮ್ಮೆ. ಪಾತ್ರೆ ತೊಳೆಯುವ ಸೋಪು ವ್ಯಾಕ್ಸನ್ನು ಕಿತ್ತು ಹಾಕುತ್ತದೆ, ಕಾರ್ ಶಾಂಪೂ ಬಳಸಿ.

ಗಟ್ಟಿಕೋಟ್:
ಅಡಿಭಾಗವನ್ನು ಪ್ರೆಷರ್ ವಾಶ್ ಮಾಡಿಸಿ ಹಳೆಯದರ ಮೇಲೆ ಇನ್ನೊಂದು ಪದರ ರಬ್ಬರ್ ಬಿಟುಮಿನ್ (ರಬ್ಬರ್ ಬೆರೆಸಿದ ಡಾಂಬರು) ಹೊಡೆಸಿ. ಕಲ್ಲೇಟು ತಡೆಯಲು ಅದಕ್ಕಿಂತ ಗಟ್ಟಿಯಾದದ್ದಿಲ್ಲ.

ತಗಡುಕೆಲಸ:
ಹೊಸ ತಗಡಿಗಾದರೆ ಒಪ್ಪುತ್ತೇನೆ. ಇಲ್ಲಿ ಅಪಾಯ. ಬಿಟುಮಿನ್ ವಯಸ್ಸಾದಂತೆ ಗಡುಸಾಗಿ ಬಿರಿಯುತ್ತದೆ. ಬಿರುಕಿನಿಂದ ಒಳಹೋದ ನೀರು ತಗಡಿಗೂ ಕೋಟಿಗೂ ನಡುವೆ ಹರಡಿಕೊಳ್ಳುತ್ತದೆ, ಹೊರಬರುವುದಿಲ್ಲ. ಇನ್ನೊಂದು ಪದರ ಹೊಡೆದರೆ ಆ ನೀರಿನ ಮೇಲೆ ಮುಚ್ಚಳ ಹಾಕಿದಂತೆ. ಸಡಿಲವಾದದ್ದನ್ನೆಲ್ಲ ಹೀಟ್ ಗನ್ ಮತ್ತು ಸ್ಕ್ರೇಪರ್‌ನಿಂದ ಎತ್ತಿ (ಪೆಟ್ರೋಲ್ ಪೈಪ್, ಟ್ಯಾಂಕ್ ಹತ್ತಿರ ಹೀಟ್ ಗನ್ ಬೇಡವೇ ಬೇಡ, ಅಲ್ಲಿ ಸ್ಕ್ರೇಪರ್ ಒಂದೇ), ಗಟ್ಟಿಯಾಗಿ ಹಿಡಿದಿರುವುದನ್ನು ಬಿಡಿ. ತುಕ್ಕು ತೆಗೆದ ಜಾಗಕ್ಕೆ ಎಪಾಕ್ಸಿ, ಅದರ ಮೇಲೆ ಮೆತ್ತಗೆ ಉಳಿಯುವ ವ್ಯಾಕ್ಸ್ ಅಥವಾ ಲ್ಯಾನೊಲಿನ್ (ಕುರಿ ಉಣ್ಣೆಯ ಜಿಡ್ಡು) ಕೋಟ್. ಇದು ಕಲ್ಲು ನೀರಿಗೆ ಸವೆಯುತ್ತದೆ, ವರ್ಷಕ್ಕೊಮ್ಮೆ ನೋಡಿ ಮತ್ತೆ ಹಚ್ಚಬೇಕು. ಆ ಶ್ರಮಕ್ಕೆ ಬೆಲೆಯಿದೆ, ಅಡಿಯ ತಗಡು ವರ್ಷಕ್ಕೊಮ್ಮೆ ಕಣ್ಣಿಗೆ ಬೀಳುತ್ತದೆ. ಬ್ರೇಕ್ ಡಿಸ್ಕ್, ಸೈಲೆನ್ಸರ್, ರಬ್ಬರ್ ಬುಶ್‌ಗಳಿಗೆ ತಾಗಿಸಬೇಡಿ.

ನೀಲಿಸೆಡಾನ್:
ನೋಡಿದೆ. ಎಡ ಬಾಗಿಲಿನ ಎರಡೂ ಡ್ರೈನ್ ಕಟ್ಟಿದ್ದವು, ಬಿಡಿಸಿದಾಗ ಒಂದು ಲೋಟದಷ್ಟು ಕಂದು ನೀರು ಬಂತು. ಕಮಾನುಗಳು ಗಟ್ಟಿ ಇವೆ. ಎಡ ಸಿಲ್‌ನಲ್ಲಿ ಜ್ಯಾಕ್ ಪಾಯಿಂಟ್ ಪಕ್ಕ ಸ್ಕ್ರೂಡ್ರೈವರ್ ಒಳಗೇ ಹೋಯಿತು, ಎರಡು ಬೆರಳಗಲ. ಅಲ್ಲಿಗೆ ಫೈಬರ್‌ಗ್ಲಾಸ್ ಮತ್ತು ಪುಟ್ಟಿ ಸಾಕಾ?

ತಗಡುಕೆಲಸ:
ಬೇಡ. ಸಿಲ್ ಕಾರಿನ ಬೆನ್ನೆಲುಬಿನ ಭಾಗ, ಅಪಘಾತದಲ್ಲಿ ಭಾರ ಹೊರುವುದು ಅದೇ. ಸಿಲ್, ಸ್ಪ್ರಿಂಗ್ ಮತ್ತು ಸೀಟ್ ಬೆಲ್ಟ್ ಕೂರುವ ಜಾಗಗಳಿಗೆ ವೆಲ್ಡಿಂಗ್ ಒಂದೇ ದಾರಿ. ಕೊಳೆತದ್ದನ್ನು ಒಳ್ಳೆಯ ತಗಡು ಸಿಗುವವರೆಗೆ ಕತ್ತರಿಸಿ, ಅದೇ ದಪ್ಪದ ತುಂಡನ್ನು ಕೂರಿಸಬೇಕು. ತೂತಿನ ಮೇಲೆ ತೇಪೆ ಹಾಕಿದರೆ ಕೊಳೆತ ಅಂಚು ಒಳಗೇ ಉಳಿಯುತ್ತದೆ. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ ಕಳಚಿ, ಕಾರ್ಪೆಟ್ ಎತ್ತಿಸಿ.

ಕ್ರಮ ತಪ್ಪಬಾರದು: ವೆಲ್ಡಿಂಗ್, ಎಪಾಕ್ಸಿ ಮತ್ತು ಪೇಂಟ್, ಕೊನೆಗೆ ಸಿಲ್, ಬಾಗಿಲಿನ ಟೊಳ್ಳಿನೊಳಗೆ ಸಿಂಪಡಿಸುವ ಕ್ಯಾವಿಟಿ ವ್ಯಾಕ್ಸ್. ವ್ಯಾಕ್ಸ್ ಮೊದಲು ಹೋದರೆ ವೆಲ್ಡಿಂಗ್‌ನಲ್ಲಿ ಬೆಂಕಿ ಹಿಡಿಯುತ್ತದೆ, ಪೇಂಟೂ ಕೂರುವುದಿಲ್ಲ. ವೆಲ್ಡ್‌ನ ಹಿಂಬದಿಯಲ್ಲಿ ಬಣ್ಣವೆಲ್ಲ ಸುಟ್ಟು ಬರಿ ಕಬ್ಬಿಣ ಉಳಿದಿರುತ್ತದೆ, ಕ್ಯಾವಿಟಿ ವ್ಯಾಕ್ಸ್ ಅಲ್ಲಿಗೆ ತಲುಪದಿದ್ದರೆ ಹೊಸ ತುಂಡೂ ಒಳಗಿನಿಂದ ಕೊಳೆಯುತ್ತದೆ. ಸುತ್ತಲೂ ಸಿಂಪಡಿಸುವ ನಾಜಲ್ ಇರುವ ಉದ್ದನೆಯ ಕೊಳವೆಯನ್ನು ಸಿಲ್‌ನ ತುದಿಯವರೆಗೆ ತಳ್ಳಿ, ಒತ್ತುತ್ತಲೇ ನಿಧಾನವಾಗಿ ಹಿಂದಕ್ಕೆ ಎಳೆಯಿರಿ, ಡ್ರೈನ್‌ನಿಂದ ತೊಟ್ಟಿಕ್ಕುವವರೆಗೆ. ಒಳಗೆ ಪೂರ್ತಿ ಒಣಗಿರಬೇಕು, ಹವೆ ಬೆಚ್ಚಗಿರಬೇಕು, ತಣ್ಣನೆಯ ವ್ಯಾಕ್ಸ್ ಮಡಿಕೆಯೊಳಗೆ ಹರಿಯುವುದಿಲ್ಲ. ಬಾಗಿಲುಗಳಿಗೂ ಹಾಗೇ, ಮಡಿಕೆಯ ಉದ್ದಕ್ಕೂ. ಮರುದಿನ ಕೇಬಲ್ ಟೈ ಹಿಡಿದು ಎಲ್ಲ ಡ್ರೈನ್‌ಗಳನ್ನು ಮತ್ತೆ ಬಿಡಿಸಿ, ಗಟ್ಟಿಯಾದ ವ್ಯಾಕ್ಸ್ ಅವನ್ನು ಮುಚ್ಚಿರುತ್ತದೆ.